ಜುಗೂಳ ದಿಬ್ಬದ ಗಡಿಗೆ ಅಂಗಡಿ

ಜುಗೂಳದ ಕುಂಬಾರ ಲಗಮಣ್ಣ ಗಡಿಗೆ ತಿರುವುವ ತಿಗರಿ ಮೂಲೆಗೆ ಹಾಕಿ ವರ್ಷಗಳಾಗಿದ್ದವು. ಮನೆಮನೆಗೆ ಪ್ಲಾಸ್ಟಿಕ್ ಕೊಡ ಹೊಕ್ಕ ಮೇಲೆ ಅವನ ಗಡಿಗೆ ಹೆಣದ ಮುಂದೆ ಹಿಡಿಯಲಷ್ಟೇ ಬೇಕಾಗುತ್ತಿತ್ತು. ಸತ್ತವರಿಗಾಗಿ ಮಣ್ಣು ತುಳಿಯಲಾರೆ ಎಂದು ಬಿಟ್ಟೇಬಿಟ್ಟ.

೧೯೮೮ರಲ್ಲಿ ಕೃಷ್ಣೆಯ ದಂಡೆಯ ಹಾಳು ದಿಬ್ಬ ಅಗೆಯಲು ಪುರಾತತ್ವದವರು ಬಂದರು. ಲಗಮಣ್ಣ ಅಗೆಯುವ ಕೂಲಿಗೆ ಹೋದ. ಅವನ ಹೆಂಡತಿ ಗಿರಿಜವ್ವ ಸಿಕ್ಕಿದ ಗಡಿಗೆಯ ಚೂರು ತೊಳೆಯುವ ಕೆಲಸಕ್ಕೆ ಸೇರಿದಳು.

ಒಂದು ದಿನ ಅವನ ಗುದ್ದಲಿಯ ಬುಡಕ್ಕೆ ಒಂದರೊಳಗೊಂದು ಪೇರಿಸಿಟ್ಟ ಮಣ್ಣಿನ ಬೋಗುಣಿಗಳು ಬಂದವು. ಎರಡು ಸಾವಿರ ವರ್ಷದ ಹಿಂದಿನ ಪೇಟೆಯ ಅಂಗಡಿ ಇದು, ಮಾರದೆ ಉಳಿದ ಮಾಲು ಎಂದರು ಪುರಾತತ್ವದ ಸಾಹೇಬರು. ಕೆಲವಕ್ಕೆ ಮೆತ್ತಿದ ಮಣ್ಣಿನಡಿ ಕರಿ ಗೆರೆಗಳಿದ್ದವು. ಅವು ಅಕ್ಷರ, ಮಾಡಿದವನ ಹೆಸರಿರಬಹುದು, ಓದುವವರು ಧಾರವಾಡದಿಂದ ಬರುತ್ತಾರೆ ಎಂದು ಹೇಳಿ ಬುಟ್ಟಿಯಲ್ಲಿ ಬೇರೆ ಇಡಿಸಿದರು.

ಚಹಾದಂಗಡಿಯಲ್ಲಿ ಊರಿನ ಗೆಳೆಯ ಬಾಬಾಸಾಹೇಬ ಕೆಣಕಿದ: "ಏನ್ಲೇ ಲಗಮ್ಯಾ, ನಿಮ್ಮಜ್ಜನ ಅಂಗಡಿ ಸಿಕ್ಕೈತಂತ. ಬಾಗಲಾ ಯಾವಾಗ ತಗೀತಿ?"

"ಹೆಸರ ಓದ್ಲಿ, ತಡಿ. ಕುಂಬಾರನ ಹೆಸರ ಯಾರ ಬರದಿಟ್ಟಾರ ಹೇಳು?"

ಅವನ ಮುಖದಲ್ಲಿ ಆ ಕಳೆ ಕಂಡು ಬಹಳ ದಿನವಾಗಿತ್ತು. ಓದಿಸಿದ ಮೇಲೆ ಹೇಳಿದರಾಯಿತೆಂದು ಹೆಂಡತಿಯ ಮುಂದೆ ಮಾತ್ರ ಬಾಯಿ ಬಿಡಲಿಲ್ಲ.

ಮರುದಿನ ಸಾಹೇಬರು ಚಿಕ್ಕೋಡಿಗೆ ಹೋಗಿದ್ದರು. ಬುಟ್ಟಿ ಕಂಡ ಗಿರಿಜವ್ವ ಕರಿ ಗೆರೆಗಳನ್ನು ಒಲೆಯ ಮಸಿ ಎಂದುಕೊಂಡಳು. ಹಾಳೂರಿನ ಮಸಿ ಹತ್ತಿದ ಪಾತ್ರೆಯೆಂದರೆ ಸತ್ತವರ ಮನೆಯದು. ಅಂಥದ್ದನ್ನು ಬೂದಿ, ಹುಣಸೆಹಣ್ಣು ಹಚ್ಚಿ ತಿಕ್ಕದೆ ನಮ್ಮ ಕಡೆ ಯಾರ ಕೈಗೂ ಕೊಡುವುದಿಲ್ಲ. ಪಾಪ, ಸಾಹೇಬರು ಬರಿಗೈಯಿಂದ ಮುಟ್ಟುತ್ತಾರಲ್ಲ ಎಂಬ ಕಾಳಜಿಯಿಂದ, ತೆಂಗಿನ ನಾರು ಹಿಡಿದು ಒಂದನ್ನೂ ಬಿಡದೆ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದಳು.

ಧಾರವಾಡದವರು ಬೋಗುಣಿಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಏನೂ ಉಳಿದಿಲ್ಲ ಎಂದರು. ಸಾಹೇಬರು ಬೈಯಲಿಲ್ಲ, ಹೇಳದೆ ಹೋದದ್ದು ತಮ್ಮ ತಪ್ಪು ಎಂದರು.

"ಅದರಾಗ ಹೆಸರಿತ್ತು," ಅಂದ ಲಗಮಣ್ಣ ಹೆಂಡತಿಗೆ.

"ಯಾರದು?"

"ಅದನ್ನ ಕೇಳಾಕನ ಕಾದಿದ್ನಿ."

ಆಮೇಲೆ ಬದುಕಿದ್ದಷ್ಟು ದಿನ ಅವಳ ಕೈಯಡುಗೆ ಉಂಡ, ಕೇಳಿದ್ದಕ್ಕೆ ಹೂಂ ಎಂದ. ತಾನಾಗಿ ಒಂದು ಮಾತು ಆಡಲಿಲ್ಲ.

ಅವನು ತೀರಿಕೊಂಡ ಮೇಲೂ, ಓದು ಬಂದವರು ಯಾರೇ ಸಿಗಲಿ, ಅಳಿಸಿದ್ದನ್ನು ತಿರುಗಿ ಮೂಡಿಸುವ ಔಷಧ ಉಂಟೇ ಎಂದು ಗಿರಿಜವ್ವ ವಿಚಾರಿಸುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದೆ ಸ್ವಂತ ಹಟದಿಂದ ಅಕ್ಷರ ಕಲಿತ ಅದೇ ಊರಿನವನು ನಾನು. ನನ್ನನ್ನೂ ಕೇಳಿದಳು.

ಇಲ್ಲವ್ವ ಎಂದೆ.