ಇಪ್ಪತ್ತೊಂದು ಮನೆಯ ನೀರು

ಆಗ ನನಗೆ ಅರವತ್ತೆರಡು. ಈಗ್ಗೆ ಆರು ವರ್ಷದ ಹಿಂದಿನ ಮಾತು. ನಮ್ಮದು ಬಸವನ ಬಾಗೇವಾಡಿ ತಾಲೂಕು, ಗೊಳಸಂಗಿಯ ಹತ್ತಿರದ ಊರು. ನಾನು ಕಲಿತದ್ದು ಎರಡನೆಯ ಇಯತ್ತೆ. ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಬರೆಯಲು ಬಹಳ ಹೊತ್ತು ಬೇಕು. ಆದರೂ ಇದನ್ನು ಬರೆದಿಡುತ್ತೇನೆ. ಸೊಸೆಗೆ ಗುಳಿಗೆ ಹೊಡೆತ ಕೊಟ್ಟಿತು ಎಂದು ಊರಲ್ಲಿ ಇನ್ನೂ ಹೇಳುತ್ತಾರೆ. ಗುಳಿಗೆಯ ತಪ್ಪಲ್ಲ ಅದು, ನನ್ನ ತಪ್ಪು.

ಮನೆಯಲ್ಲಿ ನಾನು, ಮಗ, ಸೊಸೆ ಮೂವರೇ. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಸೊಸೆ ಕೆಲಸಕ್ಕೆ ಗಟ್ಟಿ, ಮಾತಿಗೆ ಮೆದು. ಮದುವೆಯಾದ ನಾಲ್ಕನೆಯ ವರ್ಷ ಅವಳಿಗೆ ನೀರಡಿಕೆ ಹತ್ತಿತು. ಮೊದಲು ಬೇಸಿಗೆ ಅಂದುಕೊಂಡೆವು. ಮಳೆ ಬಂತು, ಚಳಿ ಬಂತು, ನೀರಡಿಕೆ ಹೋಗಲಿಲ್ಲ. ದಿನಕ್ಕೆ ಒಂದು ಕೊಡ ನೀರು ಅವಳೊಬ್ಬಳಿಗೇ ಬೇಕು. ಕುಡಿದದ್ದೆಲ್ಲ ಹಾಗೇ ಹೊರಗೆ. ರೊಟ್ಟಿ ಬಡಿಯುತ್ತ ಕೂತವಳು ಹಿಟ್ಟಿನ ಕೈಯಲ್ಲೇ ಎದ್ದು ಹಿತ್ತಲಿಗೆ ಓಡುತ್ತಿದ್ದಳು, ಬಂದು ಮತ್ತೆ ತಂಬಿಗೆ ಎತ್ತುತ್ತಿದ್ದಳು.

ಎದುರು ಮನೆಯವಳು ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು.

"ಏನ ಯಕ್ಕಾ, ನಿನ್ನ ಸೊಸಿ ಹೊಟ್ಟ್ಯಾಗ ಕೆರಿ ಕಟ್ಟಿಸ್ಯಾಳೇನ?"

"ನಿನ್ನ ಬಾಯಿಗೆ ಮೊದಲ ಒಡ್ಡ ಹಾಕ," ಅಂದೆ.

ಅವಳಿಗೆ ಹಾಗಂದೆ, ಆದರೆ ನನಗೂ ಅದೇ ಸಿಟ್ಟು. ಇದು ಚಟ, ಬಿಡಿಸಿದರೆ ಬಿಡುತ್ತದೆ ಎಂದು ನನ್ನ ಲೆಕ್ಕ. ಒಂದು ದಿನ ಮಗ ಹೊಲಕ್ಕೆ ಹೋದ ಮೇಲೆ ನೀರಿನ ಹರವಿ, ಕೊಡ ಎಲ್ಲ ಒಳಕೋಣೆಯಲ್ಲಿಟ್ಟು ಕೀಲಿ ಹಾಕಿ ಕೀಲಿಕೈ ಸೆರಗಿಗೆ ಕಟ್ಟಿಕೊಂಡೆ. "ಸಂಜೀತನಕ ತಡಕೋ, ತಾನ ಬಿಡತೈತಿ," ಅಂದೆ. ಅವಳು ಜಗಳ ಮಾಡಲಿಲ್ಲ. ಮಧ್ಯಾಹ್ನ ಹಿತ್ತಲಿಗೆ ಹೋಗಿ ನೋಡಿದರೆ ಎಮ್ಮೆ ನೀರು ಕುಡಿಯುವ ಬಾನಿಗೆ ಬಾಗಿ ಬೊಗಸೆಯಲ್ಲಿ ಮೊಗೆದು ಕುಡಿಯುತ್ತಿದ್ದಳು. ತುಟಿ ಒಡೆದು ರಕ್ತ ಬಂದಿತ್ತು. ಚಟಕ್ಕೆ ಯಾರೂ ಎಮ್ಮೆಯ ಬಾನಿಗೆ ಬಾಯಿ ಹಾಕುವುದಿಲ್ಲ. ಕೀಲಿ ತೆಗೆದೆ. ಮರುವಾರ ಮೂವರೂ ದವಾಖಾನೆಗೆ ಹೋದೆವು.

ಬಾಗೇವಾಡಿಯಲ್ಲಿ ರಕ್ತ ನೋಡಿ ಸಕ್ಕರೆ ರೋಗವಲ್ಲ ಎಂದರು. ಬಿಜಾಪುರಕ್ಕೆ ಕಳಿಸಿದರು. ಅಲ್ಲಿಯ ಡಾಕ್ಟರಮ್ಮ ಒಂದು ದಿನ ಬೆಳಿಗ್ಗೆಯಿಂದ ಅವಳಿಗೆ ಹನಿ ನೀರು ಕೊಡದೆ ಕೂರಿಸಿ, ತಾಸಿಗೊಮ್ಮೆ ತೂಕ ಮಾಡಿಸಿ, ಮೂತ್ರ ಅಳೆಸಿದಳು. ನಾನು ನರ್ಸಿಗೆ ಅಂದೆ, "ನಾನೂ ಇದನ್ನ ಮಾಡಿದ್ದೆ, ಎಲ್ಲಾರೂ ನನಗ ಬೈದರು."

"ನಾವು ಅಳತಿ ಹಿಡದು ಮಾಡ್ತೇವ್ರಿ, ನೀವು ಸಿಟ್ಟಿಲೆ ಮಾಡೀರಿ," ಅಂದಳು. ಸಣ್ಣ ಹುಡುಗಿ, ಬಾಯಿ ಜೋರು. ನನಗೆ ಹಿಡಿಸಿದಳು.

ತಲೆಯ ಚಿತ್ರ ತೆಗೆಸಿ ನೋಡಿ ಡಾಕ್ಟರಮ್ಮ ತಿಳಿಸಿ ಹೇಳಿದಳು. ತಲೆಯೊಳಗೆ, ಮೂಗಿನ ಹಿಂದೆ, ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆಯಂತೆ. ನೀರನ್ನು ಮೈಯಲ್ಲಿ ಹಿಡಿದಿಟ್ಟುಕೋ ಎಂದು ಕಿಡ್ನಿಗೆ ಹೇಳುವ ರಸ ಅಲ್ಲಿಂದ ಇಳಿಯಬೇಕು. ಇವಳಿಗೆ ಅದು ಬತ್ತಿದೆ. ಯಾಕೆ ಬತ್ತಿತು ಎಂದು ಕೇಳಿದೆ. ಎಷ್ಟೋ ಮಂದಿಗೆ ಯಾಕೆ ಎಂಬುದು ತಿಳಿಯುವುದೇ ಇಲ್ಲ ಎಂದಳು. ಗುಳಿಗೆ ಬರೆದುಕೊಟ್ಟಳು. ಡೆಸ್ಮೊಪ್ರೆಸಿನ್ ಎಂದು ಅದರ ಹೆಸರು. ಮಗ ಹತ್ತು ಸಲ ಹೇಳಿಕೊಟ್ಟ, ನನ್ನ ಬಾಯಲ್ಲಿ ತಿರುಗಲಿಲ್ಲ. ಮುಂಜಾನೆ ಒಂದು, ರಾತ್ರಿ ಒಂದು. ಆ ರಸದ ಕೆಲಸವನ್ನು ಇದು ಮಾಡುತ್ತದೆ, ಬಿಡುವ ಹಾಗಿಲ್ಲ, ಹೆಚ್ಚು ನುಂಗುವ ಹಾಗೂ ಇಲ್ಲ.

"ಇನ್ನೊಂದ ಮಾತು," ಅಂದಳು ಡಾಕ್ಟರಮ್ಮ, ಸೊಸೆಯ ಕಡೆ ನೋಡಿ. "ಗುಳಿಗಿ ಚಾಲೂ ಆದಮ್ಯಾಲ ನೀರಡಿಕಿ ಆದಾಗ ಅಷ್ಟ ನೀರು. ಸುಳ್ಳ ಸುಳ್ಳ ಕುಡೀಬಾರದು. ತಲಿನೋವು, ವಾಂತಿ ಆತಂದ್ರ ನೀರ ಬಿಟ್ಟ ಓಡಿ ಬರಬೇಕು."

ಸೊಸೆ ತಲೆ ಆಡಿಸಿದಳು. ನಾನೂ ಕೇಳಿಸಿಕೊಂಡೆ. ಆದರೆ ಅಷ್ಟು ದಿನ ಕೊಡಗಟ್ಟಲೆ ಕುಡಿದವಳಿಗೆ ನೀರು ಏನು ಮಾಡೀತು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅದೇ ಮೊದಲ ತಪ್ಪು.

ಗುಳಿಗೆ ನುಂಗಿದ ಮೊದಲ ರಾತ್ರಿ ಅವಳು ಎದ್ದದ್ದು ಒಂದೇ ಸಲ. ಎಂಟು ದಿನದಲ್ಲಿ ಮುಖಕ್ಕೆ ಕಳೆ ಬಂತು. ರೊಟ್ಟಿ ಬಡಿಯಲು ಕೂತರೆ ಬುಟ್ಟಿ ತುಂಬುವತನಕ ಏಳುತ್ತಿರಲಿಲ್ಲ. ಎದುರು ಮನೆಯವಳಿಗೆ ನೋಡಲು ಏನೂ ಉಳಿಯಲಿಲ್ಲ.

ಎರಡು ತಿಂಗಳಾಗಿತ್ತು. ನನ್ನ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು, ಹೆಣ್ಣು ಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕಬೇಕು. ನಮ್ಮ ಕಡೆ ಅಂಥ ಕಾರ್ಯಕ್ಕೆ ಮುತ್ತೈದೆ ಕುಂಕುಮದ ಬಟ್ಟಲು ಹಿಡಿದು ಮನೆ ಮನೆಗೆ ಹೋಗಿ, ಆ ಮನೆಯ ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿ ಕರೆದು ಬರಬೇಕು. ಗಂಡ ಸತ್ತವಳು ನಾನು, ಬಟ್ಟಲು ಹಿಡಿಯುವ ಹಾಗಿಲ್ಲ. ಮಗಳು ಬಾಣಂತಿ, ಹೊಸಿಲು ದಾಟುವ ಹಾಗಿಲ್ಲ. ಉಳಿದವಳು ಸೊಸೆ. ಇಪ್ಪತ್ತಮೂರು ಮನೆ.

ಕರೆಯಲು ಹೋದವರಿಗೆ ಮೊದಲು ನೀರು, ಜೊತೆಗೆ ಒಂದು ಚೂರು ಬೆಲ್ಲ. ಆಮೇಲೆ ಮಾತು. ನೀರು ಒಲ್ಲೆ ಎಂದರೆ ಆ ಮನೆಯನ್ನೇ ಕೀಳು ಮಾಡಿದ ಹಾಗೆ. ನಮ್ಮ ನೀರು ಮುಟ್ಟಲಿಲ್ಲ ಎಂದು ವರ್ಷಗಟ್ಟಲೆ ಆಡುತ್ತಾರೆ, ಮಾತು ಬಿಟ್ಟವರೂ ಇದ್ದಾರೆ.

ಹೊರಡುವಾಗ ಸೊಸೆ ಬಾಗಿಲಲ್ಲಿ ನಿಂತಳು. "ಅತ್ತಿ, ಎಲ್ಲಾರ ಮನ್ಯಾಗೂ ನೀರ ಕೊಡ್ತಾರ್ರಿ. ಡಾಕ್ಟರಮ್ಮ..."

"ಡಾಕ್ಟರಮ್ಮ ನಮ್ಮೂರಾಗ ಸಂಸಾರ ಮಾಡೂದಿಲ್ಲ. ಒಂದ ಮನ್ಯಾಗ ಕುಡದು ಇನ್ನೊಂದ ಮನ್ಯಾಗ ಬಿಟ್ಟೆಂದ್ರ ನನಗ ಮಂದಿ ಸುಮ್ಮನ ಬಿಡ್ತಾರೇನು? ಕೊಟ್ಟಲ್ಲಿ ಕುಡಿ, ಹೋಗು."

ಹೋದಳು. ಒಬ್ಬೊಬ್ಬರೂ ಲೋಟದಲ್ಲಿ ಕೊಟ್ಟಿದ್ದರೂ ತಡೆಯುತ್ತಿತ್ತೇನೋ. ಇವಳ ನೀರಡಿಕೆ ಊರಿಗೆಲ್ಲ ಗೊತ್ತು. ಪಾಪ, ನೀರಡಿಕೆಯ ಹುಡುಗಿ ಬಂದಳು ಎಂದು ಕನಿಕರದಿಂದ ತಂಬಿಗೆಯನ್ನೇ ಮುಂದೆ ಇಟ್ಟರಂತೆ. ಅರ್ಧ ಕುಡಿದು ಇಟ್ಟರೆ, "ನಾಚಬ್ಯಾಡವ್ವಾ, ಕುಡಿ," ಎಂದರಂತೆ.

ಇನ್ನೆರಡು ಮನೆ ಇರುವಾಗಲೇ ಮಧ್ಯಾಹ್ನಕ್ಕೆ ಬಂದವಳು ಬಟ್ಟಲು ಇಟ್ಟು ತಲೆ ಹಿಡಿದು ಕೂತಳು. ಬಿಸಿಲು ಹೊಡೆದಿದೆ ಎಂದುಕೊಂಡೆ. ಲಿಂಬೆಹಣ್ಣು ಹಿಂಡಿ ಒಂದು ತಂಬಿಗೆ ನೀರು ಮಾಡಿ ನಿಂತು ಕುಡಿಸಿದೆ. ವಾಂತಿ ಮಾಡಿಕೊಂಡಳು. ವಾಂತಿಯಾದವರಿಗೆ ನೀರು ಕೊಡಬೇಕಲ್ಲ, ಮತ್ತೆ ಕುಡಿಸಿದೆ. ಮೂರು ಗಂಟೆಯ ಸುಮಾರಿಗೆ ನನ್ನ ಮುಖ ನೋಡಿ, "ನೀವು ಯಾರ್ರಿ?" ಅಂದಳು. ಚೇಷ್ಟೆ ಮಾಡುವ ಹೆಣ್ಣಲ್ಲ ಅದು. ಹೆಸರು ಹಿಡಿದು ಕೂಗುವಷ್ಟರಲ್ಲಿ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ಬಿದ್ದಳು.

ಮಗ ಓಡಿ ಬಂದ. ಎದುರು ಮನೆಯವಳ ಮೈದುನನ ಗಾಡಿಯಲ್ಲಿ ಹಾಕಿಕೊಂಡು ಬಿಜಾಪುರದ ಹಾದಿ ಹಿಡಿದೆವು. ಗಾಡಿಯಲ್ಲಿ ನಾನು ಅಳಲಿಲ್ಲ. ಅವಳ ಹಲ್ಲು ಕಚ್ಚಿಕೊಳ್ಳದಂತೆ ಏನಾದರೂ ಬಾಯಿಗೆ ಇಡಲು ಹೋದೆ, ಮಗ ಬೇಡವೆಂದು ಗದರಿದ. ತಲೆಯನ್ನು ಒಂದು ಮಗ್ಗುಲಿಗೆ ಹಿಡಿದು ಕೂತೆ.

ಡಾಕ್ಟರಮ್ಮ ಬಂದು ಮೊದಲು ಕೇಳಿದ್ದೇ, "ಎಷ್ಟ ನೀರ ಕುಡದಾಳ?"

"ಇಪ್ಪತ್ತೊಂದ ಮನೀವು," ಅಂದೆ. "ಮ್ಯಾಲ ನಾ ಕುಡಿಸಿದ್ದು."

ಅವಳು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. "ಗುಳಿಗಿ ನೀರನ್ನ ಹೊರಗ ಬಿಡೂದಿಲ್ಲಮ್ಮಾ. ಎಲ್ಲಾ ಒಳಗ ನಿಂತು ರಕ್ತದಾಗಿನ ಉಪ್ಪು ತೆಳ್ಳಗ ಆಗೇತಿ. ಮಿದುಳ ಬಾತೈತಿ."

ಸಾರಿಗೆ ನೀರು ಹೆಚ್ಚಾದರೆ ಏನಾಗುತ್ತದೆ ಎಂಬುದು ನನಗೂ ಗೊತ್ತು. "ಉಪ್ಪ ಹಾಕ್ರಿ ಮತ್ತ," ಅಂದೆ.

"ಹಾಕ್ತೇವಿ. ಭಡಾಭಡಾ ಏರಿಸಿದ್ರ ಅದೂ ಕೆಡಕ. ಎರಡ ದಿನ ಏನೂ ಹೇಳೂದಿಲ್ಲ ನಾ."

ಎರಡು ದಿನ ದವಾಖಾನೆಯ ಬೆಂಚಿನ ಮೇಲೆ ಕೂತೆ. ತಾಸು ತಾಸಿಗೆ ರಕ್ತ ಒಯ್ಯುತ್ತಿದ್ದರು. ಮಗ ನನ್ನ ಜೊತೆ ಮಾತಾಡಿದ್ದು ಒಂದೇ ಸಲ, ಚಹಾ ತಂದು ಇಟ್ಟು, "ನೀರ ಬೇಕಾದಾಗ ಕೀಲಿ ಹಾಕಿದಿ, ಬ್ಯಾಡಾದಾಗ ಕುಡಿಸಿದಿ," ಅಂದ. ಚಹಾ ಕುಡಿದೆ.

ಮೂರನೆಯ ದಿನ ಅವಳು ಕಣ್ಣು ಬಿಟ್ಟಳು. ನನ್ನನ್ನು ಗುರುತು ಹಿಡಿದಳು. ಮೊದಲ ಮಾತು, "ಅತ್ತಿ, ಎರಡು ಮನಿ ಉಳದಾವ್ರಿ."

"ಸುಡ್ಲಿ ಆ ಎರಡ ಮನಿ. ಹದಿನೈದನೇ ಮನ್ಯಾಗ ಒಲ್ಲೆ ಅನ್ನಾಕ ಏನಾಗಿತ್ತು ನಿನಗ?"

"ಎಂಟನೇ ಮನ್ಯಾಗ ಹೊಟ್ಟಿ ಹಿಡಸಲಿಲ್ರಿ. ಒಲ್ಲೆ ಅಂದ್ರ ನಿಮಗ ಮಾತು ಬರ್ತಾವು ಅಂತ ಕುಡದೇನ್ರಿ."

ಅವಳ ಹೊದಿಕೆ ಸರಿಮಾಡಿ ಎದ್ದೆ.

ಇನ್ನೂ ಮೂರು ದಿನ ಇಟ್ಟುಕೊಂಡು ಬಿಟ್ಟರು. ಗುಳಿಗೆ ಮತ್ತೆ ಅದೇ. ಅದಿಲ್ಲದೆ ಅವಳಿಗೆ ನಡೆಯುವುದಿಲ್ಲ. ದಿನಕ್ಕೊಮ್ಮೆ, ಗುಳಿಗೆಯ ಜೋರು ಇಳಿದು ಮೂತ್ರ ಸಲೀಸಾಗಿ ಹೋದ ಮೇಲೆಯೇ ಮುಂದಿನದನ್ನು ನುಂಗಬೇಕು ಎಂದು ಹೇಳಿಕೊಟ್ಟರು. ಇನ್ನು ಅವಳನ್ನು ಯಾರ ಮನೆಗೂ ಕಳಿಸಬೇಡ ಎಂದ ಮಗ. ಹಾಗೆಂದರೆ ಹೇಗೆ? ಊರಲ್ಲಿದ್ದು ಯಾರ ಮನೆಯ ಹೊಸಿಲೂ ತುಳಿಯದೆ ಅವಳು ಎಷ್ಟು ವರ್ಷ ಇರಬೇಕು? ಒಲ್ಲೆ ಎನ್ನಬೇಕು ಅವಳು. ಆದರೆ ಸೊಸೆಯಾದವಳು ಊರಲ್ಲಿ ಮೊದಲನೆಯವಳಾಗಿ ಒಲ್ಲೆ ಎನ್ನುವುದು ಆಗುವ ಮಾತಲ್ಲ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಜಳಕ ಮಾಡಿ ಕುಂಕುಮದ ಬಟ್ಟಲು ನಾನೇ ಎತ್ತಿಕೊಂಡೆ. ತೊಟ್ಟಿಲು ಮುಂದಿನ ಸೋಮವಾರಕ್ಕೆ ಹೋಗಿತ್ತು, ಎಲ್ಲರನ್ನೂ ಹೊಸದಾಗಿ ಕರೆಯಬೇಕಿತ್ತು. ಸೊಸೆ ಹಾಸಿಗೆಯಲ್ಲಿ ಎದ್ದು ಕೂತು, "ನೀವು ಹಿಡೀಬಾರದ್ರಿ ಅತ್ತಿ," ಅಂದಳು. ಮಲಗು ಎಂದೆ.

ಮೊದಲು ಎದುರು ಮನೆ. ಅವಳು ನನ್ನ ಕೈಯಲ್ಲಿ ಬಟ್ಟಲು ನೋಡಿ ನಿಂತಲ್ಲೇ ನಿಂತಳು. "ನೀ ಯಾಕ ಬಂದೆವ್ವಾ ಯಕ್ಕಾ?"

"ಮತ್ತ ಯಾರ ಬರಬೇಕು? ನೀನ ಹಚ್ಚಿಗೋ, ನಾ ಹಚ್ಚೂದಿಲ್ಲ. ಸೋಮವಾರ ಬಾ."

ಅವಳು ಬೆರಳು ಅದ್ದಿ ಹಚ್ಚಿಕೊಂಡಳು. ಒಳಗೆ ಹೋಗಿ ಬೆಲ್ಲ, ನೀರು ತಂದಳು.

"ಬೆಲ್ಲ ಕೊಡು. ನೀರು ಒಲ್ಲೆ."

"ನಮ್ಮ ನೀರ ಏನ ಮಾಡೇತಿ?"

"ನಿನ್ನ ನೀರ ಏನೂ ಮಾಡಿಲ್ಲ. ನಮ್ಮ ಮನ್ಯಾಗ ಇನ್ನ ಮ್ಯಾಲ ಯಾರೂ ಹೊರಗ ನೀರ ಕುಡ್ಯೂದಿಲ್ಲ. ನಾನೂ ಕುಡ್ಯೂದಿಲ್ಲ, ನನ್ನ ಸೊಸೀನೂ ಕುಡ್ಯೂದಿಲ್ಲ. ಕೊಟ್ಟರ ನಾ ಜಗಳಕ್ಕ ಬರ್ತೇನಿ."

ಇಪ್ಪತ್ತಮೂರು ಮನೆಯಲ್ಲೂ ಅದನ್ನೇ ಹೇಳಿದೆ. ನಾಲ್ಕು ಮನೆಯವರು ಕುಂಕುಮ ಮುಟ್ಟಲಿಲ್ಲ, ಇಬ್ಬರು ನೀರಿಗೆ ಮುಖ ಸಿಂಡರಿಸಿದರು. ಬಿಸಿಲು ಏರಿತ್ತು, ಗಂಟಲು ಒಣಗಿತ್ತು. ಮನೆಗೆ ಬಂದು ಬಟ್ಟಲು ಇಟ್ಟು ನಮ್ಮ ಹರವಿಯ ನೀರು ಕುಡಿದೆ.