ಡ್ರಿಲ್ ಮೇಷ್ಟ್ರ ಸದ್ದಿನ ಮೀಟರು

ಕೊರಿಯಾದ ಇಂಚಿಯಾನ್ ನಗರದ ನಮ್ಮ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿರುವ ಪ್ಯೊ ದೊಕ್‌ಚಿಲ್ ನಿವೃತ್ತ ಡ್ರಿಲ್ ಮೇಷ್ಟ್ರು. ಕೆಲಸದಲ್ಲಿದ್ದಷ್ಟು ಕಾಲವೂ ಮೈದಾನದಲ್ಲಿ ಮೈಕು ಹಿಡಿದು ಮಕ್ಕಳ ಮೇಲೆ ಕಿರುಚಿದ ಈ ಮಹಾನುಭಾವರಿಗೆ, ಮನೆಯಲ್ಲಿ ಕೂತ ಮೇಲೆ ಲೋಕದಲ್ಲಿ ಗಲಾಟೆ ವಿಪರೀತ ಎಂದು ಜ್ಞಾನೋದಯವಾಯಿತು. ಸದ್ದು ಅಳೆಯುವ ಮೀಟರೊಂದನ್ನು ತರಿಸಿಕೊಂಡರು.

ಅಲ್ಲಿಂದ ನಮ್ಮ ಗ್ರಹಚಾರ ಶುರು. ಲಿಫ್ಟಿನಲ್ಲಿ ಯಾರಾದರೂ ಸೀನಿದರೆ ಮೀಟರು ಅವರ ಮೂಗಿನ ಕೆಳಗೆ ಬರುತ್ತಿತ್ತು. ತೋಫು ಮಾರುವವನು ಗಂಟೆ ಅಲ್ಲಾಡಿಸಿದರೆ ಮೇಷ್ಟ್ರು ಅವನ ಬೆನ್ನು ಹತ್ತುತ್ತಿದ್ದರು. ಆದರೆ ಅವರ ಅಸಲಿ ಹಗೆ ಎಂಟನೇ ಮಹಡಿಯ ಸೊಕ್ ಮಿರಾನ್, ಎರಡು ಪುಟ್ಟ ಮಕ್ಕಳ ತಾಯಿ. ಪಾಪ, ಮನೆತುಂಬ ದಪ್ಪ ಚಾಪೆ ಹಾಸಿ, ಮಕ್ಕಳಿಗೆ ಬೆಕ್ಕಿನ ಹಾಗೆ ನಡೆಯಲು ಕಲಿಸಿದ್ದಳು.

“ನಿನ್ನವು ಮಕ್ಳೋ, ಆನೆ ಮರಿಗಳೋ?” ಎಂದು ಮೇಷ್ಟ್ರು ಅವಳನ್ನು ಮೆಟ್ಟಿಲಲ್ಲೇ ತಡೆದರು.

“ಮಕ್ಳು ಮಲ್ಗಿದ್ರು, ಮೇಷ್ಟ್ರೇ.”

“ಹಾಗಾದ್ರೆ ಗೊರಕೆ ಇರ್ಬೇಕು. ಮೀಟರು ಸುಳ್ಳು ಹೇಳಲ್ಲ!”

ಕೊನೆಗೆ ದೂರನ್ನೂ ಕೊಟ್ಟರು. ಸರ್ಕಾರದ ಕಡೆಯ ಅಧಿಕಾರಿಣಿ ಬಂದು, ಮೇಷ್ಟ್ರ ಹಾಲ್‌ನ ನಡುವೆ ಇನ್ನೊಂದು ಮೀಟರು ನಿಲ್ಲಿಸಿದಳು. ಇಡೀ ದಿನ ಅಳೆದು, ಸದ್ದನ್ನು ಮುದ್ರಿಸಿಕೊಳ್ಳುವ ಯಂತ್ರ.

ಮರುದಿನ ಮಿರಾನ್‌ಳನ್ನೂ ಅಪಾರ್ಟ್‌ಮೆಂಟ್ ಸಂಘದ ಪರವಾಗಿ ನನ್ನನ್ನೂ ಮೇಷ್ಟ್ರ ಹಾಲ್‌ನಲ್ಲಿ ಕೂರಿಸಿ, ಅಧಿಕಾರಿಣಿ ಮುದ್ರಿಸಿದ ಸದ್ದನ್ನು ಕೇಳಿಸಿದಳು. ಮೊದಲು ಸಣ್ಣಗೆ ಕುಟ್, ಕುಟ್, ಕುಟ್.

“ಕೇಳಿದ್ರಾ! ಆನೆ ಮರಿಗಳು!” ಮೇಷ್ಟ್ರು ಎದ್ದು ನಿಂತರು.

ಆಮೇಲೆ ಕಿವಿ ಹರಿಯುವ ಹಾಗೆ ಧಡ್, ಧಡ್! ಹಿಂದೆಯೇ ಅವರದೇ ಗಂಟಲು: “ಲೇ, ಸುಮ್ನಿರ್ತೀರೋ, ನಾನೇ ಮೇಲೆ ಬರ್ಲೋ!”

“ಪೊರಕೆ ಕೋಲಲ್ಲಿ ಚಾವಣಿ ಕುಟ್ಟಿದ್ದು ತಾವೇ ಅಲ್ವಾ, ಸಾರ್? ಮಿತಿ ಮೀರಿರೋದು ಅದೊಂದೇ,” ಎಂದಳು ಅಧಿಕಾರಿಣಿ.

“ನಿನ್ನೆ ನಾವು ಊರಲ್ಲೇ ಇರ್ಲಿಲ್ಲ. ಕಿಮ್ಚಿ ಉಪ್ಪಿನಕಾಯಿ ಹಾಕೋಕೆ ಅಮ್ಮನ ಮನೆಗೆ ಹೋಗಿದ್ವಿ,” ಎಂದಳು ಮಿರಾನ್.

ಅಡುಗೆಮನೆಯಿಂದ ಮೇಷ್ಟ್ರ ಹೆಂಡತಿ ಬೊಕ್‌ನಮ್ ಇಣುಕಿದರು. “ಮೊದಲನೇದು ನಾನು ಬೆಳ್ಳುಳ್ಳಿ ಕುಟ್ಟಿದ್ದು ಕಣ್ರೀ. ನಿಮ್ಮ ರಾತ್ರಿ ಊಟಕ್ಕೇನೇ.”

ಮೇಷ್ಟ್ರು ಕ್ಷಮೆ ಕೇಳಿದರೇ? ಛೆ! “ಸರ್ಕಾರದ ಮಾಲು, ಕೆಟ್ಟಿರುತ್ತೆ,” ಎಂದು ಒಳಗೆ ನಡೆದರು.

ಮಿರಾನ್ ಬೇಸತ್ತು ನೆಲಮಹಡಿಗೆ ಮನೆ ಬದಲಾಯಿಸಿದಳು. ಅಲ್ಲೀಗ ಮಕ್ಕಳು ಮನಸಾರೆ ಕುಣಿಯುತ್ತವೆ. ಎಂಟನೇ ಮಹಡಿಗೆ ಬಾಗಿಲಷ್ಟು ಅಗಲದ ಪೈಲ್ವಾನನೊಬ್ಬ ಬಂದಿದ್ದಾನೆ. ಬೆಳಗಾದರೆ ಕಬ್ಬಿಣದ ಗುಂಡುಗಳನ್ನು ಎತ್ತಿ ನೆಲಕ್ಕೆ ಒಗೆಯುತ್ತಾನೆ. ನಮ್ಮ ಮನೆಯ ಲೋಟಗಳೂ ನಡುಗುತ್ತವೆ. ಲಿಫ್ಟಿನಲ್ಲಿ ಅವನು ಸಿಕ್ಕರೆ ಮೇಷ್ಟ್ರು ನಡು ಬಗ್ಗಿಸಿ ನಮಸ್ಕರಿಸುತ್ತಾರೆ.

“ಎಲ್ಲಿ ಮೇಷ್ಟ್ರೇ, ಮೀಟರು?” ಎಂದು ಕೇಳಿದೆ.

“ಬ್ಯಾಟರಿ ಹೋಗಿದೆ,” ಎಂದರು, ಬಹಳ ಮೆಲ್ಲಗೆ.