ಹೊಸಿಲಾಚೆ ನಿಂತು ಊರು ಹೇಳಿದವಳು

ಟೋಕಿಯೋದ ಕೋಟೋದಲ್ಲಿ ಮಸಾಲೆ ಅಂಗಡಿ ಇಡಲು ನನಗೊಂದು ಮಳಿಗೆ ಬೇಕಿತ್ತು. ಅದರ ಒಡತಿ ಅಜ್ಜಿ ಎರಡು ಸಲ ಆಗುವುದಿಲ್ಲ ಎಂದಿದ್ದರು. ಎರಡು ಸಲವೂ ನಾನು ಬಾಡಿಗೆಯಿಂದಲೇ ಮಾತು ತೆಗೆದಿದ್ದೆ.

ಆ ಭಾನುವಾರ ಯಜಮಾನರ ಜೊತೆ ಜಪಾನಿ ಭೂಗತಲೋಕದ ಹಳೆಯ ಯಾಕುಝಾ ಚಿತ್ರವೊಂದರ ಎರಡನೇ ಭಾಗ ನೋಡಿದೆ. ಊರೂರು ಅಲೆಯುವ ಜೂಜುಗಾರ್ತಿಯ ಕತೆ. ಅವಳ ಕತ್ತಿವರಸೆಗಿಂತ ನನಗೆ ಹಿಡಿಸಿದ್ದು ಅವಳು ಹೊಸ ಊರಿನಲ್ಲಿ ಮನೆಬಾಗಿಲಿಗೆ ಬಂದ ರೀತಿ. ಸೊಂಟ ಬಗ್ಗಿಸಿ, ಅಂಗೈ ಮುಂದೆ ಚಾಚಿ, ಹುಟ್ಟಿದ ಊರು, ಕಲಿತ ಕಸುಬು ಎಲ್ಲವನ್ನೂ ತಡವರಿಸದೆ ಹೇಳಿದಳು. ಆಮೇಲಷ್ಟೇ ಆಶ್ರಯ ಕೇಳಿದಳು. ಎಂಥ ಹೆಣ್ಣು!

"ನಾಳೆ ಅಜ್ಜಿ ಮುಂದೆ ನಾನೂ ಹಾಗೇ ಮಾಡ್ತೀನಿ ರೀ."

"ಪೊಲೀಸ್‌ನ ಕರೀತಾರೆ ಕಣೇ," ಎಂದರು ಯಜಮಾನರು.

ಮರುದಿನ ಅಜ್ಜಿಯ ಬಾಗಿಲಲ್ಲೇ ಬಗ್ಗಿ ನಿಂತೆ. ಮೈಸೂರಿನವಳು, ಸಾರಿನಪುಡಿ ಕುಟ್ಟಿ ಮಾರಿದವಳ ಮಗಳು, ದೊಡ್ಡ ಭೂಕಂಪವಾದ ವರ್ಷವೂ ಈ ಊರು ಬಿಡದವಳು ಎಂದು ಮುರುಕು ಜಪಾನಿಯಲ್ಲಿ ಒಪ್ಪಿಸಿದೆ. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಅಂಗೈ ಇನ್ನೂ ಕೆಳಗಿರಬೇಕು. ಮೊದಲನೇ ಭಾಗ ನೋಡಿಲ್ವಾ? ಬನ್ನಿ ಒಳಗೆ."

ಚಹಾ ಮುಗಿಯುವಷ್ಟರಲ್ಲಿ ಬೀಗದ ಕೈ ನನ್ನ ಮುಂದಿತ್ತು. ವ್ಯಾಪಾರಕ್ಕೆ ಇಳಿಯುವವರು ಮೊದಲು ತಾವು ಯಾರೆಂದು ಹೇಳಿಬಿಡಿ. ಚೌಕಾಸಿಯನ್ನೂ ಮರೆಯಬೇಡಿ, ನಾನು ಎರಡನೇ ಲೋಟ ಚಹಾ ಕುಡಿಯುತ್ತಾ ಮಾಡಿದೆ.